ಅಡವಿಟ್ಟ ಹೊಲ ಯಾರದು?

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋದ ಯಾತ್ರಿಕರ ಕಣ್ಣು ಗೊಮ್ಮಟನ ಮುಖದ ಮೇಲೆ ನಿಲ್ಲುವುದು ಸಹಜ. ಅಲ್ಲಿರುವ ಐನೂರಕ್ಕೂ ಹೆಚ್ಚು ಶಾಸನಗಳ ಕಡೆಗೆ ನೋಡುವವರು ಕಡಿಮೆ. ದಾನ, ಸಲ್ಲೇಖನ, ಗುರುಪರಂಪರೆಗಳನ್ನು ಹೇಳುವ ಆ ಶಾಸನಗಳ ನಡುವೆ ಒಂದು ಸಾಲದ ಕತೆ ಹೇಳುತ್ತದೆ. ಅದರ ಕಾಲ ಶಕವರ್ಷ 1556, ಭಾವ ಸಂವತ್ಸರದ ಆಷಾಢ ಶುದ್ಧ ತ್ರಯೋದಶಿ, ಅಂದರೆ ಕ್ರಿ.ಶ. 1634.

ಬೆಳಗೊಳದ ದೇವಸ್ಥಾನಕ್ಕೆ ಸೇರಿದ ಭೂಮಿ ಬಹುಕಾಲದಿಂದ ಅಡವಿನಲ್ಲಿತ್ತು. ನೋಡಿಕೊಳ್ಳಬೇಕಾದ ಸ್ಥಾನಿಕರೇ ಅದನ್ನು ವರ್ತಕರ ಬಳಿ ಒತ್ತೆಯಿಟ್ಟು ಸಾಲ ಪಡೆದಿದ್ದರು. ಭೂಮಿಯ ಹುಟ್ಟುವಳಿ ಸಾಲ ಕೊಟ್ಟವರಿಗೆ ಹೋಗುತ್ತಿತ್ತು. ಸುದ್ದಿ ಮೈಸೂರಿನ ಚಾಮರಾಜ ಒಡೆಯರ ಕಿವಿಗೆ ಬಿತ್ತು. 1617ರಿಂದ 1637ರವರೆಗೆ ಆಳಿದ ಈ ಅರಸು, ಹೊಸವೊಳಲಿನ ಕೆಂಪಪ್ಪನ ಮಗ ಚನ್ನಣ್ಣ ಮೊದಲಾದ ಅಡವು ಹಿಡಿದವರನ್ನೆಲ್ಲ ಕರೆಸಿದರು. ನಿಮ್ಮ ಅಡವಿನ ಸಾಲವನ್ನು ನಾನು ತೀರಿಸುತ್ತೇನೆ, ಭೂಮಿಯನ್ನು ಬಿಡಿ ಎಂದರು. ವರ್ತಕರು ಹಣ ತೆಗೆದುಕೊಳ್ಳಲಿಲ್ಲ. ತಮ್ಮ ತಂದೆ ತಾಯಿಗಳಿಗೆ ಪುಣ್ಯವಾಗಲಿ ಎಂದು ಗೊಮ್ಮಟಸ್ವಾಮಿಯ ಸನ್ನಿಧಿಯಲ್ಲಿ, ದೇವರು ಮತ್ತು ಗುರುಗಳ ಸಾಕ್ಷಿಯಾಗಿ ಅಡವಿನ ಪತ್ರಗಳನ್ನು ಧಾರೆಯೆರೆದು ಬಿಟ್ಟುಕೊಟ್ಟರು. ಮುಂದೆ ಈ ಭೂಮಿಯನ್ನು ಅಡವಿಡುವವರೂ ಅಡವು ಹಿಡಿಯುವವರೂ ಇಬ್ಬರೂ ಧರ್ಮಕ್ಕೆ ಹೊರಗು ಎಂಬ ಕಟ್ಟಳೆಯನ್ನೂ ಬರೆಸಲಾಯಿತು.

ಸಾಲಗಾರ ಮತ್ತು ಸಾಲಿಗನ ನಡುವಿನ ವ್ಯಾಜ್ಯವೊಂದು ಹೀಗೆ ಮುಗಿಯಿತು. ಹಾಸನ ಸೀಮೆಯಲ್ಲಿ ಅಡಮಾನದ ಜಗಳಗಳು ಇಂದಿಗೂ ನಿಂತಿಲ್ಲ. ಆದರೆ ಈಗ ಅರಸು ಕರೆಸುವುದಿಲ್ಲ, ಕಾಗದ ಮಾತನಾಡಬೇಕು. ಆ ಕಾಗದದಲ್ಲಿ ಏನಿದೆ, ಕಾನೂನು ಅದನ್ನು ಹೇಗೆ ಓದುತ್ತದೆ ಎಂಬುದನ್ನು ತಿಳಿಯದೆ ಹೊಲ ಕಳೆದುಕೊಂಡ ಕುಟುಂಬಗಳು ಪ್ರತಿ ತಾಲ್ಲೂಕಿನಲ್ಲೂ ಇವೆ.

ಒಂದು ಸಾಲ, ಹಲವು ಹೆಸರು

ಅಡವು, ಅಡಮಾನ, ಒತ್ತೆ, ಆಧಾರ, ಗಿರವಿ, ಭೋಗ್ಯ ಎಂದು ಕನ್ನಡದಲ್ಲಿ ಇದಕ್ಕೆ ಹಲವು ಹೆಸರುಗಳಿವೆ. ಎಲ್ಲವೂ ಒಂದೇ ಅಲ್ಲ. ಒಡವೆಯನ್ನು ಒತ್ತೆಯಿಟ್ಟರೆ ಗಿರವಿ. ಜಮೀನು ತನ್ನ ಕೈಯಲ್ಲೇ ಇದ್ದು, ಸಾಲಕ್ಕೆ ಅದನ್ನು ಜವಾಬು ಮಾಡಿ ಬರೆದುಕೊಟ್ಟರೆ ಆಧಾರ. ಜಮೀನನ್ನೇ ಸಾಲ ಕೊಟ್ಟವನ ಸ್ವಾಧೀನಕ್ಕೆ ಬಿಟ್ಟು, ಬಡ್ಡಿಯ ಬದಲು ಬೆಳೆಯನ್ನು ಅವನೇ ಅನುಭವಿಸಲಿ ಎಂದರೆ ಭೋಗ್ಯ. ಇವಲ್ಲದೆ ಇನ್ನೊಂದು ಬಗೆಯಿದೆ. ಪತ್ರದಲ್ಲಿ ಕ್ರಯ ಎಂದೇ ಬರೆದಿರುತ್ತದೆ, ಆದರೆ ಇಷ್ಟು ವರ್ಷದೊಳಗೆ ಹಣ ಹಿಂದಿರುಗಿಸಿದರೆ ಜಮೀನನ್ನು ಮರಳಿ ಬರೆದುಕೊಡಬೇಕು ಎಂಬ ಷರತ್ತಿರುತ್ತದೆ. ಇದು ಷರತ್ತಿನ ಕ್ರಯ. ಹೆಚ್ಚಿನ ಜಗಳಗಳು ಹುಟ್ಟುವುದು ಕೊನೆಯ ಎರಡರಲ್ಲಿ.

ಭೋಗ್ಯದ ಕಲ್ಪನೆ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಹಿಂದೂ ಕಾನೂನಿಗೆ ದೇಶದ ಬಹುಭಾಗದಲ್ಲಿ ಆಧಾರವಾದ ಈ ಗ್ರಂಥ ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಹುಟ್ಟಿತು. ಒತ್ತೆಯ ವಸ್ತುವನ್ನು ಸ್ಮೃತಿ ಎರಡು ಬಗೆಯಾಗಿ ನೋಡುತ್ತದೆ. ಸುಮ್ಮನೆ ಕಾಪಾಡಿ ಇಡಬೇಕಾದದ್ದು ಒಂದು, ಫಲವನ್ನು ಅನುಭವಿಸಬಹುದಾದದ್ದು ಇನ್ನೊಂದು. ಮೊದಲನೆಯದರಲ್ಲಿ ಸಾಲ ಇಮ್ಮಡಿಯಾದರೂ ಬಿಡಿಸಿಕೊಳ್ಳದಿದ್ದರೆ ವಸ್ತು ಕೈ ಬಿಡಬಹುದು. ಎರಡನೆಯದು ಎಂದೂ ಕೈ ಬಿಡುವುದಿಲ್ಲ. ಸಾಲ ಕೊಟ್ಟವನು ಫಲವನ್ನು ಉಣ್ಣುತ್ತಲೇ ಇದ್ದಾನೆ, ಅವನಿಗೆ ನಷ್ಟವಿಲ್ಲ ಎಂಬುದು ಅದರ ಹಿಂದಿನ ತರ್ಕ. ಬಡ್ಡಿ ಅಸಲನ್ನು ಮೀರಬಾರದು ಎಂಬ ‘ದಾಮದುಪ್ಪಟ್ಟು’ ನಿಯಮವೂ ಇದೇ ಧರ್ಮಶಾಸ್ತ್ರಗಳಿಂದ ಬಂದದ್ದು. ಹಿಂದಿನ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಹಿಂದೂ ಸಾಲಗಾರರ ವಿಷಯದಲ್ಲಿ ಅದನ್ನು ಅನ್ವಯಿಸುತ್ತಿದ್ದವು.

ಅಡಮಾನ ಎಂದೆಂದಿಗೂ ಅಡಮಾನವೇ

ಈಗ ನಡೆಯುತ್ತಿರುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅಡಮಾನದ ಬಗ್ಗೆ ಅದರ ಜೀವಾಳ 60ನೇ ಕಲಮಿನಲ್ಲಿದೆ. ಹಣ ತೀರಿಸುವ ಕಾಲ ಬಂದ ಮೇಲೆ, ಬಾಕಿಯನ್ನು ಕೊಟ್ಟು ತನ್ನ ಸ್ವತ್ತನ್ನೂ ಪತ್ರವನ್ನೂ ಹಿಂದಕ್ಕೆ ಕೇಳುವ ಹಕ್ಕು ಅಡವಿಟ್ಟವನಿಗೆ ಇದೆ. ಇದನ್ನು ವಿಮೋಚನೆಯ ಹಕ್ಕು ಎನ್ನುತ್ತಾರೆ. ಈ ಹಕ್ಕನ್ನು ಸಾಲದ ಪತ್ರದಲ್ಲಿ ಬರೆಸಿಕೊಂಡು ಕಿತ್ತುಹಾಕಲು ಬರುವುದಿಲ್ಲ. ‘ಐದು ವರ್ಷದಲ್ಲಿ ಬಿಡಿಸದಿದ್ದರೆ ಜಮೀನು ನಿಮ್ಮದೇ’ ಎಂದು ಸಾಲಗಾರ ಸ್ವಂತ ಕೈಯಿಂದ ಬರೆದುಕೊಟ್ಟಿದ್ದರೂ, ಅದು ಅಡಮಾನವೇ ಆಗಿದ್ದರೆ ಆ ಸಾಲಿಗೆ ಬೆಲೆಯಿಲ್ಲ. ಹಣದ ಅಡಚಣೆಯಲ್ಲಿರುವವನು ಯಾವ ಷರತ್ತಿಗೂ ಒಪ್ಪಿಬಿಡುತ್ತಾನೆ, ಆದ್ದರಿಂದ ಅವನನ್ನು ಅವನ ಸಹಿಯಿಂದಲೇ ಕಾಪಾಡಬೇಕು ಎಂದು ಕಾನೂನು ಭಾವಿಸುತ್ತದೆ. ‘ಒಮ್ಮೆ ಅಡಮಾನವಾದದ್ದು ಎಂದೆಂದಿಗೂ ಅಡಮಾನ’ ಎಂದು ನ್ಯಾಯಾಲಯಗಳು ಹೇಳುವುದು ಈ ಅರ್ಥದಲ್ಲಿ.

ಹಾಗಾದರೆ ಷರತ್ತಿನ ಕ್ರಯದ ಗತಿ ಏನು? ಅದು ನಿಜವಾದ ಮಾರಾಟವೋ, ಮಾರಾಟದ ವೇಷ ಹಾಕಿದ ಸಾಲವೋ ಎಂಬುದೇ ಪ್ರಶ್ನೆ. 1929ರಲ್ಲಿ ಕಾಯ್ದೆಗೆ ಒಂದು ತಿದ್ದುಪಡಿ ಬಂತು. ಜಮೀನನ್ನು ಮರಳಿ ಕೊಡುವ ಷರತ್ತು ಕ್ರಯಪತ್ರದ ಒಳಗೇ ಇರಬೇಕು. ಇಲ್ಲದಿದ್ದರೆ ಆ ವ್ಯವಹಾರವನ್ನು ಅಡಮಾನವೆಂದು ಪರಿಗಣಿಸುವುದಿಲ್ಲ. ಶುದ್ಧ ಕ್ರಯವನ್ನು ಒಂದು ಕಾಗದದಲ್ಲೂ, ‘ಹಣ ಕೊಟ್ಟರೆ ವಾಪಸು ಬರೆದುಕೊಡುತ್ತೇನೆ’ ಎಂಬ ಕರಾರನ್ನು ಬೇರೆ ಕಾಗದದಲ್ಲೂ ಬರೆಸುವ ಸಾಲಿಗರ ಜಾಣತನ ಇರುವುದು ಇಲ್ಲಿಯೇ. ಎರಡು ಕಾಗದವಾದ ಕೂಡಲೇ ಸಾಲಗಾರ ವಿಮೋಚನೆಯ ಹಕ್ಕನ್ನು ಕಳೆದುಕೊಂಡು, ಮರುಕ್ರಯದ ಕರಾರನ್ನು ಮಾತ್ರ ನೆಚ್ಚಬೇಕಾಗುತ್ತದೆ. ಆ ಕರಾರಿನ ಗಡುವು ಮೀರಿದರೆ ಬಾಗಿಲು ಮುಚ್ಚಿದಂತೆಯೇ.

ಷರತ್ತು ಒಂದೇ ಪತ್ರದಲ್ಲಿದ್ದರೂ ನ್ಯಾಯಾಲಯ ಇತರ ಸಂಗತಿಗಳನ್ನು ತೂಗಿ ನೋಡುತ್ತದೆ. ಬರೆದ ಮೊತ್ತ ಅಂದಿನ ಬೆಲೆಗಿಂತ ತೀರ ಕಡಿಮೆಯೇ? ಜಮೀನು ಯಾರ ಸ್ವಾಧೀನದಲ್ಲಿ ಉಳಿಯಿತು? ಕಂದಾಯ ಕಟ್ಟಿದವರು ಯಾರು? ಖಾತೆ ಬದಲಾಯಿತೇ? ಇವುಗಳಿಗೆ ಸಿಗುವ ಉತ್ತರದಿಂದ ಪತ್ರದ ನಿಜಸ್ವರೂಪ ಹೊರಬೀಳುತ್ತದೆ.

ನಾಲೆಯ ನೀರು ಬಂದ ಮೇಲೆ

ಈ ಸೀಮೆಯ ಬೇಸಾಯಕ್ಕೂ ಸಾಲಕ್ಕೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸನದ ಸುತ್ತ ಆಲೂಗೆಡ್ಡೆ, ಅರಕಲಗೂಡಿನ ರಾಮನಾಥಪುರದ ಕಡೆ ಹೊಗೆಸೊಪ್ಪು, ಚನ್ನರಾಯಪಟ್ಟಣದ ಕಡೆ ತೆಂಗು. ಆಲೂಗೆಡ್ಡೆಗೆ ಬಿತ್ತನೆ ಗೆಡ್ಡೆಯನ್ನೇ ಪಂಜಾಬಿನ ಜಲಂಧರದಿಂದ ತರಿಸಬೇಕು. ಮುಂಗಾರಿನ ಮೊದಲೇ ಕೈಯಲ್ಲಿ ಹಣ ಇರಬೇಕು. ಅಂಗಮಾರಿ ರೋಗ ಬಿದ್ದರೆ ಹಾಕಿದ ಬಂಡವಾಳ ಮಣ್ಣಿನಲ್ಲೇ ಕೊಳೆಯುತ್ತದೆ. ಹೊಗೆಸೊಪ್ಪಿಗೆ ಬ್ಯಾರನ್ನು, ಸೌದೆ, ಕೂಲಿ ಎಂದು ಹರಾಜಿಗೆ ಮುಂಚೆಯೇ ಖರ್ಚು ಆಗಿಹೋಗಿರುತ್ತದೆ. ಮದುವೆ, ಆಸ್ಪತ್ರೆ, ಕೊಳವೆಬಾವಿ ಇದಕ್ಕೆ ಸೇರಿದರೆ ಕೈಗೆ ಸಿಗುವ ಆಸ್ತಿ ಹೊಲ ಒಂದೇ.

ಇದರ ಮೇಲೆ ನೀರಿನ ಕತೆ ಬೇರೆ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ನಾಲೆಗಳು ಹರಿದು ಬಂದ ಕಡೆಗಳಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದ ಖುಷ್ಕಿ ಹೊಲ ಗದ್ದೆಯಾಯಿತು. ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಹೊಳೆನರಸೀಪುರ ತಾಲ್ಲೂಕಿನ ರೈತನೊಬ್ಬ 1976ರಲ್ಲಿ ಎರಡು ಎಕರೆ ಖುಷ್ಕಿಯನ್ನು ನಾಲ್ಕು ಸಾವಿರ ರೂಪಾಯಿಗೆ ಭೋಗ್ಯಕ್ಕೆ ಬರೆದುಕೊಟ್ಟ ಎನ್ನೋಣ. ಕೆಲವು ವರ್ಷಗಳಲ್ಲಿ ನಾಲೆ ಬಂತು, ಭೋಗ್ಯ ಹಿಡಿದವರು ಭತ್ತ ಬೆಳೆದರು. ಅಡವಿಟ್ಟವನು ತೀರಿಕೊಂಡ. ಮಕ್ಕಳು ಹಣ ಹಿಡಿದು ಹೋದಾಗ ಬರುವ ಉತ್ತರ ಊರೂರಿಗೂ ಪರಿಚಿತವಾದದ್ದು: ‘ಆ ಕಾಲದ ನಾಲ್ಕು ಸಾವಿರ ಈಗ ಎಷ್ಟಾಗಿದೆ ಗೊತ್ತೇನಪ್ಪ? ನಿಮ್ಮಪ್ಪ ನಮಗೆ ಕೊಟ್ಟೇಬಿಟ್ಟಿದ್ದ. ಇಷ್ಟು ವರ್ಷ ಎಲ್ಲಿಗೆ ಹೋಗಿದ್ರಿ?’

ಈ ಮಾತಿನಲ್ಲಿ ಮೂರು ವಾದಗಳಿವೆ. ಮೊದಲನೆಯದು ಹಣದ ಬೆಲೆಯ ವಾದ. ಸಾಲ ಕೊಟ್ಟವನ ಸಂಕಟ ಸುಳ್ಳಲ್ಲ, ಅಂದಿನ ರೂಪಾಯಿಯ ಬೆಲೆ ಇಂದಿಲ್ಲ. ಆದರೆ ಬಡ್ಡಿಯ ಬದಲು ಬೆಳೆಯನ್ನು ಅವನು ಪ್ರತಿ ವರ್ಷ ಪಡೆದಿದ್ದಾನೆ. ಪತ್ರ ಹೇಳುವ ಅಸಲೇ ಅವನಿಗೆ ಬರಬೇಕಾದದ್ದು. ಜಮೀನನ್ನು ಕಾಪಾಡಲು ಅವನು ಮಾಡಿದ ಅಗತ್ಯ ಖರ್ಚನ್ನು ಲೆಕ್ಕ ತೋರಿಸಿ ಕೇಳಬಹುದು. ಸರ್ಕಾರ ತಂದ ನಾಲೆ ಅವನ ಖರ್ಚಲ್ಲ. ಎರಡನೆಯದು ‘ಕೊಟ್ಟೇಬಿಟ್ಟಿದ್ದ’ ಎಂಬ ವಾದ. ಬಾಯಿ ಮಾತಿನಿಂದ ಭೋಗ್ಯ ಕ್ರಯವಾಗುವುದಿಲ್ಲ. ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಪತ್ರ ಬೇಕು. ತಾನು ಗೇಣಿದಾರ ಎಂದು ಹೇಳಿಕೊಳ್ಳಲೂ ಅವಕಾಶವಿಲ್ಲ. ಸ್ವಾಧೀನದಲ್ಲಿರುವ ಅಡಮಾನದಾರನನ್ನು ಭೂಸುಧಾರಣಾ ಕಾಯ್ದೆ ಗೇಣಿದಾರನೆಂದು ಎಣಿಸುವುದಿಲ್ಲ.

ಮೂರನೆಯದು ಕಾಲದ ವಾದ. ಇದು ಬಹಳ ವರ್ಷ ಸಾಲಗಾರರನ್ನು ಕಾಡಿತು. 1908ರ ಕಾಲಪರಿಮಿತಿ ಕಾಯ್ದೆಯಲ್ಲಿ ಅಡಮಾನ ಬಿಡಿಸಿಕೊಳ್ಳಲು 60 ವರ್ಷಗಳ ಅವಕಾಶವಿತ್ತು. 1963ರ ಕಾಯ್ದೆ ಅದನ್ನು 30 ವರ್ಷಕ್ಕೆ ಇಳಿಸಿತು. ಭೋಗ್ಯದ ಪತ್ರವಾದ ದಿನದಿಂದ 30 ವರ್ಷ ಎಣಿಸಿ ‘ಮುಗಿಯಿತು’ ಎನ್ನುವುದು ವಾಡಿಕೆಯಾಯಿತು. 2014ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ತೆರೆ ಎಳೆಯಿತು. ಭೋಗ್ಯದ ಅಡಮಾನದಲ್ಲಿ ಪತ್ರದ ದಿನದಿಂದ ಕಾಲ ಎಣಿಸುವಂತಿಲ್ಲ, ಹುಟ್ಟುವಳಿಯಿಂದಲೋ ಹಣ ಕೊಟ್ಟೋ ಸಾಲ ತೀರಿದ ಮೇಲೆ ಮಾತ್ರ ಕಾಲಪರಿಮಿತಿ ಆರಂಭವಾಗುತ್ತದೆ ಎಂದು ಅದು ಹೇಳಿತು. 30 ವರ್ಷ ಕಳೆಯಿತು ಎಂಬ ಒಂದೇ ಕಾರಣಕ್ಕೆ ಭೋಗ್ಯ ಹಿಡಿದವನು ಮಾಲೀಕನಾಗುವುದಿಲ್ಲ. ಫಲ ಉಣ್ಣುವ ಒತ್ತೆ ಎಂದೂ ಕೈ ಬಿಡುವುದಿಲ್ಲ ಎಂಬ ಯಾಜ್ಞವಲ್ಕ್ಯನ ಮಾತಿಗೆ ಇದು ಎಷ್ಟು ಹತ್ತಿರವಾಗಿದೆ ಎಂಬುದನ್ನು ಓದುಗರೇ ನೋಡಬಹುದು.

ಸರ್ಕಾರ ನಡುವೆ ಬಂದಾಗ

ಸಾಲಿಗನ ಹಿಡಿತದಿಂದ ರೈತನನ್ನು ಬಿಡಿಸುವ ಪ್ರಯತ್ನಗಳು ಮೈಸೂರು ಸಂಸ್ಥಾನದ ಕಾಲದಲ್ಲೇ ಮೊದಲಾದವು. 1929ರಲ್ಲಿ ಬೆಂಗಳೂರಿನಲ್ಲಿ ಭೂ ಅಡಮಾನ ಬ್ಯಾಂಕು ಸ್ಥಾಪನೆಯಾಯಿತು. ಲೇವಾದೇವಿಗಾರನ ಬದಲು ಸಹಕಾರಿ ಸಂಸ್ಥೆಯೇ ದೀರ್ಘಾವಧಿ ಸಾಲ ಕೊಡಲಿ ಎಂಬುದು ಅದರ ಉದ್ದೇಶ. ತಾಲ್ಲೂಕು ಕೇಂದ್ರಗಳಲ್ಲಿ ಜನ ‘ಪಿಎಲ್‌ಡಿ ಬ್ಯಾಂಕ್’ ಎಂದು ಕರೆಯುವ ಸಂಸ್ಥೆಗಳು ಇದೇ ಪರಂಪರೆಗೆ ಸೇರಿದವು. 1961ರಲ್ಲಿ ಲೇವಾದೇವಿಗಾರರಿಗೂ ಗಿರವಿದಾರರಿಗೂ ಪರವಾನಗಿ ಕಡ್ಡಾಯ ಮಾಡುವ ಎರಡು ಕಾಯ್ದೆಗಳು ಬಂದವು. 2004ರಲ್ಲಿ ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾಯ್ದೆ ಬಂತು.

ದೊಡ್ಡ ಹೆಜ್ಜೆ ಇಟ್ಟವರು ದೇವರಾಜ ಅರಸು. 1976ರ ಸಾಲ ಪರಿಹಾರ ಕಾಯ್ದೆ ಸಣ್ಣ ರೈತರು, ಭೂರಹಿತ ಕೃಷಿ ಕಾರ್ಮಿಕರು ಮತ್ತು ವರ್ಷಕ್ಕೆ 2,400 ರೂಪಾಯಿಗಿಂತ ಹೆಚ್ಚು ಆದಾಯವಿಲ್ಲದ ದುರ್ಬಲರ ಖಾಸಗಿ ಸಾಲಗಳನ್ನು ತೀರಿದವೆಂದು ಸಾರಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯ ವರ್ಗಾವಣೆಗೆ ತಡೆ ಹಾಕಿದ 1978ರ ಕಾಯ್ದೆ, ಅಡಮಾನವನ್ನೂ ವರ್ಗಾವಣೆಯೆಂದೇ ಎಣಿಸಿತು. ಅಂಥ ಭೂಮಿಯನ್ನು ಅಡವು ಹಿಡಿಯುವವರು ಮೊದಲೇ ಇದನ್ನು ತಿಳಿದಿರಬೇಕು. ನಾಲ್ಕು ದಶಕಗಳ ನಂತರ, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರಾದ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ರೂಪುಗೊಂಡ ಇನ್ನೊಂದು ಸಾಲ ಪರಿಹಾರ ಕಾಯ್ದೆ 2019ರ ಜುಲೈನಲ್ಲಿ ಜಾರಿಗೆ ಬಂತು. ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರದ ದುರ್ಬಲರೂ ಸಣ್ಣ ರೈತರೂ ಭೂರಹಿತ ಕಾರ್ಮಿಕರೂ ಖಾಸಗಿ ಸಾಲದಿಂದ ಬಿಡುಗಡೆ ಕೋರಿ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕುವ, ಒಂದು ಬಾರಿಯ ಅವಕಾಶ ಅದು. ಬ್ಯಾಂಕ್ ಸಾಲಕ್ಕೆ ಅದು ಅನ್ವಯಿಸಲಿಲ್ಲ. 2025ರಲ್ಲಿ ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯುವ ಕಾನೂನೂ ಬಂದಿದೆ.

ಇಂಥ ಕಾಯ್ದೆಗಳ ಬಗ್ಗೆ ಹಳೆಯ ಟೀಕೆಯೊಂದಿದೆ. ಸಾಲ ಮನ್ನಾ ಆದೀತೆಂದು ಹೆದರುವ ಸಾಲಿಗ ಮುಂದಿನ ಬಾರಿ ಬಾಗಿಲು ಹಾಕಿಕೊಳ್ಳುತ್ತಾನೆ, ಇಲ್ಲವೇ ಆಧಾರದ ಬದಲು ಶುದ್ಧ ಕ್ರಯಪತ್ರವನ್ನೇ ಕೇಳುತ್ತಾನೆ. ಕಾನೂನು ಸಾಲಗಾರನ ಬೆನ್ನಿಗೆ ನಿಂತಷ್ಟೂ ಸಾಲದ ಕಾಗದ ಇನ್ನಷ್ಟು ಕಠಿಣವಾಗುತ್ತದೆ. 1634ರ ತೀರ್ಮಾನವನ್ನು ಇದರ ಜೊತೆ ಇಟ್ಟು ನೋಡಬಹುದು. ಅರಸು ಸಾಲವನ್ನು ರದ್ದು ಮಾಡಲಿಲ್ಲ, ತೀರಿಸುತ್ತೇನೆ ಎಂದರು. ಸಾಲಿಗರ ಹಕ್ಕನ್ನು ಒಪ್ಪಿಕೊಂಡೇ ಮಾತು ಆರಂಭವಾಯಿತು. ಅರಸನೇ ಎದುರು ಕುಳಿತಾಗ ವರ್ತಕರ ದಾನ ಎಷ್ಟು ಮನಸಾರೆ ಆಗಿತ್ತು ಎಂಬುದನ್ನು ಶಾಸನ ಹೇಳುವುದಿಲ್ಲ.

ಬ್ಯಾಂಕಿನವರೊಡನೆ ತಕರಾರು

ಈಗ ಮನೆ, ನಿವೇಶನಗಳ ಅಡಮಾನ ಬಹುಮಟ್ಟಿಗೆ ಬ್ಯಾಂಕುಗಳಲ್ಲಿ ನಡೆಯುತ್ತದೆ. ಇಲ್ಲಿ ಜಗಳ ಬಡ್ಡಿ ದರ, ಕಂತಿನ ಸಂಖ್ಯೆ, ದಂಡ, ಪತ್ರಗಳ ವಾಪಸಾತಿ ಕುರಿತದ್ದು. ಬದಲಾಗುವ ಬಡ್ಡಿಯ ಸಾಲದಲ್ಲಿ ದರ ಏರಿದಾಗ ಕಂತು ಹೆಚ್ಚಿಸದೆ ಅವಧಿಯನ್ನೇ ಸದ್ದಿಲ್ಲದೆ ಎಳೆಯುವ ಪದ್ಧತಿ ಇತ್ತು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಗ್ರಾಹಕನಿಗೆ ತಿಳಿಸಬೇಕು, ಆಯ್ಕೆ ಕೊಡಬೇಕು ಎಂದು ಸೂಚಿಸಿತು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಆಸ್ತಿಯ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಇದೆ.

ಕಂತು ತಪ್ಪಿದರೆ 2002ರ ಸರ್ಫೇಸಿ ಕಾಯ್ದೆಯ ಅಡಿ ಬ್ಯಾಂಕ್ 60 ದಿನಗಳ ನೋಟಿಸು ಕೊಡುತ್ತದೆ. ಆ ಕಾಗದವನ್ನು ಮೂಲೆಗೆ ಎಸೆಯುವುದೇ ದೊಡ್ಡ ತಪ್ಪು. ಲೆಕ್ಕ ಸರಿಯಿಲ್ಲವೆಂದು ಬರೆದು ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕ್ 15 ದಿನಗಳಲ್ಲಿ ಕಾರಣ ಸಹಿತ ಉತ್ತರಿಸಬೇಕು. ಸ್ವಾಧೀನಕ್ಕೆ ಕ್ರಮ ಕೈಗೊಂಡರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಕೃಷಿ ಭೂಮಿಯ ಮೇಲೆ ಈ ಕಾಯ್ದೆಯನ್ನು ಪ್ರಯೋಗಿಸುವಂತಿಲ್ಲ ಎಂಬುದು ರೈತರು ನೆನಪಿಡಬೇಕಾದ ಸಂಗತಿ.

ಬಿಡಿಸಿಕೊಳ್ಳುವ ದಾರಿ

ಜಗಳ ಖಾಸಗಿಯವರೊಡನೆ ಇರಲಿ, ಬ್ಯಾಂಕಿನೊಡನೆ ಇರಲಿ, ಮೊದಲ ಕೆಲಸ ಕಾಗದ ಕೂಡಿಸುವುದು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಋಣಭಾರ ಪತ್ರವೂ ನೋಂದಾಯಿತ ಪತ್ರದ ದೃಢೀಕೃತ ನಕಲೂ ಸಿಗುತ್ತವೆ. ಪಹಣಿಯ 11ನೇ ಕಲಮಿನಲ್ಲಿ ಜಮೀನಿನ ಮೇಲಿನ ಋಣದ ನಮೂದು ಇರುತ್ತದೆ. ಪತ್ರದ ತಲೆಬರಹ ಬಿಟ್ಟು ಒಳಗಿನ ಷರತ್ತು ಓದಿಸಬೇಕು. ಬರೀ ಛಾಪಾ ಕಾಗದದಲ್ಲಿ ಬರೆದು ನೋಂದಣಿ ಮಾಡಿಸದ ಭೋಗ್ಯವಾದರೆ ತೊಡಕು ಹೆಚ್ಚು. ಅಂಥ ಕಾಗದವನ್ನು ಅಡಮಾನದ ಷರತ್ತುಗಳಿಗೆ ಸಾಕ್ಷ್ಯವಾಗಿ ನ್ಯಾಯಾಲಯ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಎರಡನೆಯದು ಲೆಕ್ಕ ಕೇಳುವುದು. ಸ್ವಾಧೀನದಲ್ಲಿರುವ ಸಾಲಿಗ ಆದಾಯ, ಖರ್ಚುಗಳ ಲೆಕ್ಕ ಇಡಬೇಕೆಂಬುದು ಕಾಯ್ದೆಯ ಸಾಮಾನ್ಯ ನಿಯಮ. ಹುಟ್ಟುವಳಿ ಬಡ್ಡಿಗೆ ಸರಿ ಎಂದು ಪತ್ರದಲ್ಲೇ ಇದ್ದರೆ ಮಾತ್ರ ಅಸಲಿನ ಪ್ರಶ್ನೆ ಉಳಿಯುತ್ತದೆ. ಮೂರನೆಯದು ಹಣವನ್ನು ಮುಂದಿಡುವುದು. ಸಾಲಿಗ ತೆಗೆದುಕೊಳ್ಳಲು ಒಪ್ಪದಿದ್ದರೆ 83ನೇ ಕಲಮಿನಂತೆ ಬಾಕಿಯನ್ನು ನ್ಯಾಯಾಲಯದಲ್ಲೇ ಠೇವಣಿ ಇಡಬಹುದು. ಕ್ರಮವರಿತು ಠೇವಣಿ ಇಟ್ಟ ಮೇಲೆ ಬಡ್ಡಿ ಓಡುವುದು ನಿಲ್ಲುತ್ತದೆ. ಹಣ ಕೈಯಲ್ಲಿಲ್ಲದೆ ನ್ಯಾಯ ಮಾತ್ರ ಕೇಳಿದರೆ ವ್ಯಾಜ್ಯ ಎಳೆಯುತ್ತದೆ.

ನಾಲ್ಕನೆಯದು ರಾಜಿ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿಗೆ ಹೋದರೆ ಶುಲ್ಕವಿಲ್ಲ. ಅಲ್ಲಿ ಆದ ಒಪ್ಪಂದ ನ್ಯಾಯಾಲಯದ ಡಿಕ್ರಿಗೆ ಸಮ, ಮೇಲ್ಮನವಿಯಿಲ್ಲ. ಮಹಿಳೆಯರಿಗೆ, ಪರಿಶಿಷ್ಟರಿಗೆ ಉಚಿತ ವಕೀಲರ ನೆರವೂ ಇದೆ. ಸಹಕಾರಿ ಬ್ಯಾಂಕಿನ ವಿವಾದವಾದರೆ 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಂತೆ ಸಹಕಾರ ಇಲಾಖೆಯ ಮುಂದೆ ಹೋಗಬೇಕು. ವಾಣಿಜ್ಯ ಬ್ಯಾಂಕಾದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟು, 30 ದಿನಗಳಲ್ಲಿ ಸಮಾಧಾನ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಇದೆಲ್ಲ ಫಲಿಸದಿದ್ದಾಗ ವಿಮೋಚನೆಯ ದಾವೆ ಕಡೆಯ ದಾರಿ.

ಸಾಲ ಶೂಲ ಎಂದು ನಮ್ಮವರು ಗಾದೆ ಕಟ್ಟಿದರು. ಆದರೆ ಅಡಮಾನದ ಪತ್ರ ನೇಣಿನ ಹಗ್ಗವಲ್ಲ, ಗಂಟು ಬಿಚ್ಚುವ ತುದಿ ಅದರಲ್ಲೇ ಇರುತ್ತದೆ. ಬೆಳಗೊಳದ ಸ್ಥಾನಿಕರಿಗೆ ಆ ತುದಿಯನ್ನು ಅರಸು ಹುಡುಕಿಕೊಟ್ಟರು. ಮುಂದೆ ಹೀಗಾಗಬಾರದು ಎಂದು ಅಡವಿಡುವವನನ್ನೂ ಹಿಡಿಯುವವನನ್ನೂ ಒಟ್ಟಿಗೆ ಎಚ್ಚರಿಸಿದರು. ಇಂದು ಹಾಸನದ ರೈತ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಿಕೊಳ್ಳಬೇಕಾದದ್ದು ಎರಡೇ ಪ್ರಶ್ನೆ: ಹಣ ತೀರಿಸಿದ ದಿನ ಹೊಲ ನನ್ನ ಕೈಗೆ ಬರುತ್ತದೆ ಎಂದು ಇದರಲ್ಲಿ ಬರೆದಿದೆಯೇ? ಬರೆದಿರುವ ಕಾಗದ ಇದೇ ತಾನೆ, ಬೇರೆಯದಲ್ಲವಷ್ಟೆ?